ಗಾಡಿ ಎಲ್ಲಿ ಹೀಟ್ ಆಯಿತು?

‘ಗಾಡಿ ಹೀಟ್ ಆಗ್ತಿದೆ’ ಎಂದು ಗ್ಯಾರೇಜಿಗೆ ಹೋದವರಿಗೆ ಪಳಗಿದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಹಾಕುತ್ತಾನೆ: ಎಲ್ಲಿ ಆಯಿತು? ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದ್ದಾಗಲೋ, ತುಮಕೂರು ರಸ್ತೆಯಲ್ಲಿ ಓಡುತ್ತಿದ್ದಾಗಲೋ, ಶಿರಾಡಿ ಘಾಟಿ ಹತ್ತುವಾಗಲೋ? ಎಸಿ ಹಾಕಿತ್ತಾ? ಎಷ್ಟು ಜನ ಕೂತಿದ್ದಿರಿ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೇ ಆಯಿತೋ, ಗಂಟೆಗಟ್ಟಲೆ ಓಡಿಸಿದ ಮೇಲೋ? ಇದಾವುದನ್ನೂ ಕೇಳದೆ ‘ರೇಡಿಯೇಟರ್ ಹೋಗಿದೆ, ಹೊಸದು ಹಾಕ್ಬೇಕು’ ಎನ್ನುವವನ ಕೈಗೆ ಕೀ ಕೊಡುವ ಮೊದಲು ಎರಡು ಸಲ ಯೋಚಿಸಿ.

ಈ ಪ್ರಶ್ನೆಗಳಲ್ಲೇ ಅರ್ಧ ರೋಗಪತ್ತೆ ಮುಗಿದಿರುತ್ತದೆ. ನಿಂತ ಕಾರಿನ ರೇಡಿಯೇಟರಿಗೆ ಗಾಳಿ ಕೊಡುವುದು ಫ್ಯಾನ್ ಒಂದೇ. ಕಾರು ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ದಾಟಿತೆಂದರೆ ಗಾಳಿ ತಾನಾಗಿ ಗ್ರಿಲ್ಲಿನೊಳಗೆ ನುಗ್ಗುತ್ತದೆ, ಫ್ಯಾನಿನ ಹಂಗು ಅಷ್ಟಾಗಿ ಇರುವುದಿಲ್ಲ. ಹಾಗಾಗಿ ಟ್ರಾಫಿಕ್‌ನಲ್ಲಿ ಉಷ್ಣಾಂಶದ ಮುಳ್ಳು ಮೇಲೇರಿ, ಹೆದ್ದಾರಿ ಹಿಡಿದ ಕೂಡಲೇ ಇಳಿದರೆ ಮೊದಲ ಗುಮಾನಿ ಫ್ಯಾನಿನ ಮೇಲೆ. ಅದರ ಫ್ಯೂಸು, ರಿಲೇ, ವೈರಿನ ಸಾಕೆಟ್ಟು, ಮೋಟಾರಿನ ಬ್ರಷ್ಷು ಇವುಗಳಲ್ಲಿ ಒಂದು ಕೈಕೊಟ್ಟಿರುತ್ತದೆ. ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗುತ್ತದೆಯೇ ಎಂದು ನೋಡುವುದು ಯಾರಾದರೂ ಮಾಡಬಹುದಾದ ಪರೀಕ್ಷೆ. ಎಸಿ ಹಾಕಿದಾಗ ತಿರುಗಿ, ಎಂಜಿನ್ ಕಾದಾಗ ಮಾತ್ರ ತಿರುಗದಿದ್ದರೆ ಮೋಟಾರ್ ಚೆನ್ನಾಗಿದೆ. ಅದಕ್ಕೆ ಆಜ್ಞೆ ಕೊಡುವ ಸೆನ್ಸರಿನ ಕಡೆ ಹುಡುಕಬೇಕು.

ಇದರ ತಿರುಗುಮುರುಗು ಕೇಸೂ ಉಂಟು. ಊರೊಳಗೆ ಯಾವ ತಕರಾರೂ ಇಲ್ಲ, ಹೆದ್ದಾರಿಯಲ್ಲಿ ವೇಗ ಹಿಡಿದರೆ ಮುಳ್ಳು ಮೇಲಕ್ಕೆ. ಆಗ ಫ್ಯಾನನ್ನು ಬಿಟ್ಟು ನೀರಿನ ಹರಿವನ್ನು ನೋಡಬೇಕು. ರೇಡಿಯೇಟರಿನ ಸಣ್ಣ ಕೊಳವೆಗಳು ಒಳಗೊಳಗೇ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ರೆಕ್ಕೆಗಳು ಸವೆದಿರಬಹುದು, ಥರ್ಮೋಸ್ಟಾಟ್ ಅರ್ಧಕ್ಕೇ ತೆರೆದು ನಿಂತಿರಬಹುದು. ಮೆತ್ತಗಾದ ಕೆಳಗಿನ ಹೋಸನ್ನು ಪಂಪಿನ ಸೆಳೆತ ಚಪ್ಪಟೆ ಮಾಡುವುದೂ ಉಂಟು. ಎಂಜಿನ್ ಐಡಲ್‌ನಲ್ಲಿ ಇದ್ದಾಗ ಆ ಹೋಸ್ ನೆಟ್ಟಗೇ ಕಾಣುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒಳಕ್ಕೆ ಸೆಳೆದುಕೊಳ್ಳುತ್ತದೆ. ಘಾಟಿ ಹತ್ತುವುದು ಇವೆರಡರ ನಡುವಿನ ಕಠಿಣ ಪರೀಕ್ಷೆ. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿಯ ವೇಗ ಮಾತ್ರ ಕಡಿಮೆ. ವರ್ಷವಿಡೀ ಬಯಲಿನಲ್ಲಿ ಮುಚ್ಚಿಟ್ಟುಕೊಂಡಿದ್ದ ದೌರ್ಬಲ್ಯವೆಲ್ಲ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಬಯಲಾಗುವುದು ಇದಕ್ಕೇ.

ಇಷ್ಟೊಂದು ಶಾಖ ಬರುವುದಾದರೂ ಎಲ್ಲಿಂದ? ನಾವು ತುಂಬಿಸುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸುವುದಕ್ಕೆ ಸಿಗುವುದು ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದು ಎಂಜಿನ್ನಿನ ಲೋಹಕ್ಕೆ ಇಳಿಯುತ್ತದೆ, ಅದನ್ನು ಹೊರಗೆ ಸಾಗಿಸುವುದೇ ಕೂಲಿಂಗ್ ವ್ಯವಸ್ಥೆಯ ಕೆಲಸ. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣಾಂಶ ಕ್ಷಣಮಾತ್ರ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಸುತ್ತಲಿನ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಲೋಹ ಕರಗದೆ ಉಳಿದಿರುವುದು ಅದರ ಬೆನ್ನಿಗೆ ದ್ರವ ಎಡೆಬಿಡದೆ ಹರಿಯುತ್ತಿರುವುದರಿಂದ. ಸಣ್ಣ ಕಾರಿನಲ್ಲಿರುವ ಕೂಲಂಟ್ ನಾಲ್ಕೈದು ಲೀಟರ್ ಅಷ್ಟೆ. ಅದೇ ನಾಲ್ಕೈದು ಲೀಟರು ನಿಮಿಷಕ್ಕೆ ಹಲವು ಸಲ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಸುತ್ತುತ್ತದೆ.

ಮೊದಲ ಕಾರುಗಳಿಗೆ ಈ ಸುತ್ತು ಇರಲಿಲ್ಲ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಮೂರು ಚಕ್ರದ ಗಾಡಿ ಓಡಿಸಿಕೊಂಡು ಹೋದ ಕಥೆ ಅನೇಕರಿಗೆ ಗೊತ್ತು. ಆ ಎಂಜಿನ್ನಿನ ನೀರು ಕುದಿದು ಆವಿಯಾಗಿ ಹೋಗಿಯೇ ತಂಪು ಕೊಡುತ್ತಿತ್ತು. ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ನೀರು ತುಂಬಿಸುತ್ತಲೇ ಹೋಗಬೇಕಾಗಿತ್ತು. ಒಂದು ದಶಕದ ಮೇಲೆ ಜರ್ಮನಿಯಲ್ಲೇ ವಿಲ್‌ಹೆಲ್ಮ್ ಮೇಬ್ಯಾಕ್ ಜೇನುಗೂಡಿನ ರೇಡಿಯೇಟರ್ ರೂಪಿಸಿದ. 1900ರ ಕೊನೆಗೆ ಸಿದ್ಧವಾದ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿನಲ್ಲಿ ಅಂಥ 8,070 ಸಣ್ಣ ಚೌಕ ಕೊಳವೆಗಳನ್ನು ಬೆಸುಗೆ ಹಾಕಿ ಜೋಡಿಸಿದ್ದರು. ಗಾಳಿ ಕೊಳವೆಗಳ ಒಳಗೆ, ನೀರು ಅವುಗಳ ಸಂದಿಯಲ್ಲಿ. ನೀರು ಖಾಲಿಯಾಗದೆ ಸುತ್ತುತ್ತಲೇ ಇರುವ ಇಂದಿನ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು. ಆದರೂ ರೇಡಿಯೇಟರಿನ ಬಾಯಿ ಬಹುಕಾಲ ಹೊರಗಾಳಿಗೆ ತೆರೆದೇ ಇತ್ತು.

ಅದನ್ನು ಮುಚ್ಚಿದ್ದು ರೇಡಿಯೇಟರ್ ಕ್ಯಾಪ್. ಕೂಲಿಂಗ್ ವ್ಯವಸ್ಥೆಯಲ್ಲಿ ಅತಿ ಅಗ್ಗದ, ಅತಿ ಉದಾಸೀನಕ್ಕೆ ಒಳಗಾದ ಭಾಗ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 97 ಡಿಗ್ರಿಯಲ್ಲಿ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಕಾರಿನ ಎಂಜಿನ್ ಆರೋಗ್ಯವಾಗಿದ್ದಾಗಲೇ ಅದರ ಕೂಲಂಟ್ ತೊಂಬತ್ತರಿಂದ ನೂರರ ಆಸುಪಾಸಿನಲ್ಲಿರುತ್ತದೆ. ತೆರೆದಿಟ್ಟರೆ ಕುದಿಯದೆ ವಿಧಿಯಿಲ್ಲ. ಪ್ರೆಷರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಇಲ್ಲಿ ಕ್ಯಾಪಿನೊಳಗಿನ ಸ್ಪ್ರಿಂಗು ಮಾಡುತ್ತದೆ. ಕ್ಯಾಪಿನ ತಲೆಯ ಮೇಲೆ 0.9 ಅಥವಾ 1.1 ಎಂದು ಅಚ್ಚು ಹಾಕಿರುವುದನ್ನು ನೋಡಿರುತ್ತೀರಿ. ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚು ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ. 0.9ರ ಕ್ಯಾಪ್ ಇದ್ದರೆ ಬೆಂಗಳೂರಿನಲ್ಲೂ ಬರೀ ನೀರು 117 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಗ್ಲೈಕಾಲ್ ಬೆರೆತ ಕೂಲಂಟಾದರೆ ಇನ್ನೂ ಏಳೆಂಟು ಡಿಗ್ರಿ ಮೇಲಕ್ಕೆ ಹೋಗಬಹುದು.

ಆ ಕ್ಯಾಪಿನ ರಬ್ಬರ್ ಬಿರಿದು ಒತ್ತಡ ನಿಲ್ಲದಿದ್ದರೆ, ಉಳಿದೆಲ್ಲ ಭಾಗಗಳೂ ಸರಿಯಿದ್ದರೂ ಗಾಡಿ ಕುದಿಯುತ್ತದೆ. ಕ್ಯಾಪಿನ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ. ಎಂಜಿನ್ ತಣ್ಣಗಾಗುತ್ತಾ ಒಳಗಿನ ದ್ರವ ಕುಗ್ಗಿದಾಗ ಅದು ತೆರೆದು, ಉಕ್ಕಿ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಹೋಗಿದ್ದ ಕೂಲಂಟನ್ನು ವಾಪಸು ಎಳೆದುಕೊಳ್ಳುತ್ತದೆ. ಅದು ಅಂಟಿಕೊಂಡರೆ ಬೆಳಿಗ್ಗೆ ಬಾನೆಟ್ ತೆಗೆದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಮಲಗಿರುತ್ತದೆ. ಹೋಸೇ ಹಳತಾಯಿತೆಂದು ಬದಲಾಯಿಸಿ ಹಣ ಕಳೆದುಕೊಳ್ಳುವವರಿದ್ದಾರೆ. ಬದಲಾಯಿಸಬೇಕಾದದ್ದು ಕೆಲವು ನೂರು ರೂಪಾಯಿಯ ಕ್ಯಾಪ್. ತಂದಾಗ ಹಳೆಯದರ ಮೇಲಿದ್ದ ಅಂಕಿಯನ್ನೇ ಹೊಸದರ ಮೇಲೂ ಓದಿ ತನ್ನಿ. ಹೆಚ್ಚು ಒತ್ತಡದ್ದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಆ ಒತ್ತಡವನ್ನು ಹಳೆಯ ಹೋಸುಗಳೂ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯೂ ತಾಳಿಕೊಳ್ಳಬೇಕಲ್ಲ.

ಇನ್ನು ನಮ್ಮವರ ಅತಿ ಹಳೆಯ ಅಭ್ಯಾಸಕ್ಕೆ ಬರುತ್ತೇನೆ: ನೀರು ತುಂಬಿಸುವುದು. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಲ್ಲದೆ ಯಾವ ಡ್ರೈವರೂ ಘಾಟಿ ಇಳಿಯುತ್ತಿರಲಿಲ್ಲ. ಅದು ಆ ಗಾಡಿಗೆ ಸರಿಯಾದ ಶಿಸ್ತೇ ಆಗಿತ್ತು. ಆಗಿನ ಎಷ್ಟೋ ವಾಹನಗಳಲ್ಲಿ ಉಕ್ಕಿದ ನೀರು ಒಂದು ಸಣ್ಣ ಪೈಪಿನಿಂದ ನೇರ ರಸ್ತೆಗೆ ಬೀಳುತ್ತಿತ್ತು, ವಾಪಸು ಎಳೆದುಕೊಳ್ಳುವ ಬಾಟಲಿ ಇರಲಿಲ್ಲ. ದಿನಾ ಬೆಳಿಗ್ಗೆ ರೇಡಿಯೇಟರಿಗೆ ಒಂದು ಚೊಂಬು ನೀರು ಹಾಕಿಯೇ ಗಾಡಿ ತೆಗೆಯಬೇಕಿತ್ತು. ಆ ಗಾಡಿಗಳು ಹೋದವು, ಅಭ್ಯಾಸ ಉಳಿಯಿತು. ಈಗಿನ ಕಾರಿನ ಕೂಲಿಂಗ್ ವ್ಯವಸ್ಥೆ ಮುಚ್ಚಿದ ಸುತ್ತು. ಅದರೊಳಗಿನ ದ್ರವ ಪೆಟ್ರೋಲಿನ ಹಾಗೆ ಖರ್ಚಾಗುವಂಥದ್ದಲ್ಲ. ಬಾಟಲಿಯಲ್ಲಿ ಮಟ್ಟ ಇಳಿದಿದ್ದರೆ ಅದು ಎಲ್ಲಿಗೋ ಹೋಗಿದೆ. ವರ್ಷಗಟ್ಟಲೆಯಲ್ಲಿ ಒಂದಿಷ್ಟು ಇಳಿಯುವುದು ಸಹಜ. ತಿಂಗಳಿಗೊಮ್ಮೆ ತುಂಬಿಸಬೇಕಾಗಿ ಬಂದರೆ ಸಹಜವಲ್ಲ. ಎಲ್ಲಿಗೆ ಹೋಯಿತು ಎಂದು ಕಂಡುಹಿಡಿಯುವ ಬದಲು ಸುರಿಯುತ್ತಾ ಹೋದರೆ ಸೋರಿಕೆ ದೊಡ್ಡದಾಗುತ್ತದೆ, ಜೊತೆಗೆ ಕೂಲಂಟ್ ತೆಳುವಾಗುತ್ತಾ ಕೊನೆಗೆ ಬರೀ ನೀರು ಉಳಿಯುತ್ತದೆ.

ಆ ನೀರಾದರೂ ಎಂಥದ್ದು? ಕೋಲಾರ, ಚಿತ್ರದುರ್ಗ, ವಿಜಯಪುರದ ಕಡೆ ಬೋರ್‌ವೆಲ್ ನೀರಿನ ಗಡಸುತನ ಅಲ್ಲಿನವರಿಗೆ ಹೇಳಬೇಕಿಲ್ಲ. ಗೀಸರಿನ ಕಾಯಿಲಿಗೆ ಬಿಳಿ ಪದರವಾಗಿ ಕಟ್ಟುವ ಸುಣ್ಣವೇ ಎಂಜಿನ್ನಿನೊಳಗೂ ಕಟ್ಟುತ್ತದೆ, ಅದೂ ಎಲ್ಲಿ ಅತಿ ಹೆಚ್ಚು ಶಾಖವೋ ಅಲ್ಲೇ ಮೊದಲು: ಎಕ್ಸಾಸ್ಟ್ ವಾಲ್ವುಗಳ ಸುತ್ತ. ಆ ಪದರದ ಮೂಲಕ ಶಾಖ ದಾಟುವುದು ಲೋಹದಲ್ಲಿ ದಾಟಿದಷ್ಟು ಸಲೀಸಲ್ಲ. ಹೊರಗೆ ಮುಳ್ಳು ನಡುವೆಯೇ ಇರುತ್ತದೆ, ಒಳಗೆ ಲೋಹ ಸುಡುತ್ತಿರುತ್ತದೆ. ನೀರಿನಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಮ್ಮಿಗೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಹಳೆಯ ರೇಡಿಯೇಟರುಗಳು ತಾಮ್ರ, ಹಿತ್ತಾಳೆಯವು. ಸೋರಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಯಾವುದೇ ತಾಲ್ಲೂಕು ಕೇಂದ್ರದಲ್ಲೋ ಬೆಸುಗೆ ಹಾಕಿಸಿಕೊಂಡು ಸಂಜೆಗೆ ಮನೆಗೆ ಬರಬಹುದಿತ್ತು. ಈಗಿನವು ತೆಳು ಅಲ್ಯೂಮಿನಿಯಂ, ಎರಡು ಬದಿಗೆ ಪ್ಲಾಸ್ಟಿಕ್ ತೊಟ್ಟಿ. ತೂತು ಬಿದ್ದರೆ ಸಾಮಾನ್ಯವಾಗಿ ಬದಲಾವಣೆಯೇ ಗತಿ. ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕುವ ಉಪಾಯವನ್ನೂ ಡ್ರೈವರುಗಳ ಬಾಯಲ್ಲಿ ಕೇಳುತ್ತೇವೆ. ಕಾಡಿನ ನಡುವೆ ಸಿಕ್ಕಿಬಿದ್ದಾಗ ಊರು ಮುಟ್ಟುವ ಮಟ್ಟಿಗೆ ಅದು ನೆರವಾದೀತು. ಆದರೆ ತೂತು ಮುಚ್ಚುವ ಪುಡಿ ಸಣ್ಣ ಕೊಳವೆಯನ್ನೂ ಮುಚ್ಚುತ್ತದೆ. ಊರು ಮುಟ್ಟಿದ ಮೇಲೆ ಪೂರ್ತಿ ಫ್ಲಶ್ ಮಾಡಿಸದೆ ಬಿಟ್ಟರೆ ಹೀಟರಿನ ಕೊಳವೆಗಳಿಂದ ಹಿಡಿದು ಎಲ್ಲವೂ ಕಟ್ಟುತ್ತವೆ.

‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅರ್ಧ ಗ್ಲೈಕಾಲ್ ಇರುವ ಕೂಲಂಟ್ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. ಆ ಗುಣ ಕರ್ನಾಟಕದಲ್ಲಿ ಯಾರಿಗೂ ಬೇಕಿಲ್ಲ. ಶಾಖ ಹೊರುವುದರಲ್ಲಿಯೂ ಶುದ್ಧ ನೀರೇ ಗ್ಲೈಕಾಲಿಗಿಂತ ಸಮರ್ಥ. ಹಾಗಿದ್ದರೂ ಕೂಲಂಟ್ ಬೇಕು, ಏಕೆಂದರೆ ಅದರಲ್ಲಿ ಬೆರೆಸಿರುವ ತುಕ್ಕುನಿರೋಧಕಗಳು ಲೋಹದ ಮೈಗೆ ಕಾವಲು, ಅದು ಕುದಿಬಿಂದುವನ್ನು ಮೇಲೇರಿಸುತ್ತದೆ, ಪಂಪಿನ ಸೀಲು ಒಣಗದಂತೆ ನೋಡಿಕೊಳ್ಳುತ್ತದೆ. ದಪ್ಪಗಿದ್ದಷ್ಟೂ ಒಳ್ಳೆಯದು ಎಂದು ಗಾಢ ಕೂಲಂಟನ್ನು ಹಾಗೇ ಸುರಿಯುವುದೂ ತಪ್ಪು, ಶಾಖ ಸಾಗಿಸುವ ಶಕ್ತಿ ಇಳಿಯುತ್ತದೆ. ಮೊದಲೇ ಬೆರೆಸಿದ ಡಬ್ಬಿಯಾದರೆ ಹಾಗೆಯೇ ಹಾಕಿ, ಮತ್ತೆ ನೀರು ಬೆರೆಸಬೇಡಿ. ಗಾಢವಾದದ್ದಾದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬ್ಯಾಟರಿ ಅಂಗಡಿಯಲ್ಲಿ ಆಸಿಡ್ಡಿನ ಕ್ಯಾನೂ ಪಕ್ಕದಲ್ಲೇ ಇರುತ್ತದೆ, ಲೇಬಲ್ ಓದಿ. ಇನ್ನು ಬಣ್ಣ. ಹಸಿರು, ಗುಲಾಬಿ, ಕಿತ್ತಳೆ, ನೀಲಿ ಇವು ತಯಾರಕರು ಹಾಕುವ ಬಣ್ಣಗಳಷ್ಟೆ, ಒಳಗಿನ ರಸಾಯನದ ಗುರುತು ಎಂದು ನಂಬುವಂತಿಲ್ಲ. ಒಂದೇ ಬಣ್ಣದ ಎರಡು ಕೂಲಂಟುಗಳು ಪರಸ್ಪರ ಒಗ್ಗದೆ ಲೋಳೆಗಟ್ಟಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಗೆಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಕೂಲಂಟ್ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕುವ ಕೆಲಸ ನೋಡಲು ಬಹಳ ಚೆನ್ನ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬೆಳಗಿನ ಹೊತ್ತಾದರೆ ಉತ್ತಮ. ಕ್ಯಾಪ್ ತೆಗೆದು ಅದರ ಜಾಗಕ್ಕೆ ಒತ್ತಡದ ಮೀಟರ್ ಇರುವ ಸಣ್ಣ ಕೈಪಂಪನ್ನು ಕೂರಿಸಿ, ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಡುತ್ತಾರೆ. ಒಂದು ಗ್ಯಾರೇಜಿನಲ್ಲಿ ಈ ಪರೀಕ್ಷೆ ನೋಡುತ್ತಾ ನಿಂತಿದ್ದೆ. ಮುಳ್ಳು ಕಣ್ಣಿಗೆ ಕಾಣದಷ್ಟು ನಿಧಾನ ಇಳಿಯುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ, ಹೋಸುಗಳೆಲ್ಲ ಒಣಗಿವೆ. ಮೆಕ್ಯಾನಿಕ್ ಟಾರ್ಚ್ ಹಿಡಿದು ವಾಟರ್ ಪಂಪಿನ ಹೊಟ್ಟೆಯ ಕೆಳಗೆ, ಬೆಲ್ಟಿನ ಹಿಂದೆ ಇಣುಕಿದ. ಅಲ್ಲೊಂದು ಸಣ್ಣ ರಂಧ್ರ, ಅದರ ಕೆಳಗೆ ಗುಲಾಬಿ ಬಣ್ಣದ ಹರಳುಗಟ್ಟಿದ ಕಲೆ. ಪಂಪಿನ ಒಳಸೀಲು ಸೋತರೆ ದ್ರವ ಬೇರಿಂಗಿಗೆ ನುಗ್ಗದೆ ಹೊರಗೆ ಬರಲೆಂದೇ ತಯಾರಕರು ಬಿಟ್ಟಿರುವ ರಂಧ್ರ ಅದು. ಎಂಜಿನ್ ಓಡುವಾಗ ಅಲ್ಲಿಂದ ಜಿನುಗಿದ್ದು ಬಿಸಿಗೆ ಆವಿಯಾಗಿ ಬಣ್ಣ ಮಾತ್ರ ಉಳಿದಿತ್ತು. ನೆಲ ಒದ್ದೆಯಾಗಲಿಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎನ್ನುವಂತಿಲ್ಲ. ಸೋರಿದ ಕಡೆ ಒಣಕಲೆ ಇದ್ದೇ ಇರುತ್ತದೆ, ಅದನ್ನು ಹುಡುಕುವ ತಾಳ್ಮೆ ಬೇಕು.

ಕಲೆ ಹೊರಗೆ ಸಿಗದಿದ್ದರೆ ಕಾರಿನ ಒಳಗೆ ನೋಡಬೇಕು. ಹೀಟರಿನ ಪುಟ್ಟ ರೇಡಿಯೇಟರ್ ಡ್ಯಾಶ್‌ಬೋರ್ಡಿನ ಒಳಗಿದೆ. ಅದು ಸೋರಿದರೆ ಸಿಹಿಯಾದ ಒಂದು ವಾಸನೆ ಬರುತ್ತದೆ, ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡುಜಿಡ್ಡಾದ ಮಂಜು ಕಟ್ಟುತ್ತದೆ, ಮುಂದಿನ ಸೀಟಿನ ಕಾಲಡಿಯ ಮ್ಯಾಟು ಒದ್ದೆಯಾಗುತ್ತದೆ. ಎಸಿ ನೀರು ಎಂದು ಹಲವರು ಸುಮ್ಮನಾಗುತ್ತಾರೆ. ಎಸಿ ನೀರಿಗೆ ಬಣ್ಣವೂ ಇಲ್ಲ, ಜಿಡ್ಡೂ ಇಲ್ಲ. ಬೆರಳ ನಡುವೆ ಉಜ್ಜಿ ನೋಡಿದರೆ ತಿಳಿಯುತ್ತದೆ.

ಅಲ್ಲೂ ಇಲ್ಲದಿದ್ದರೆ ಉಳಿದದ್ದು ಎಲ್ಲರೂ ಹೆದರುವ ಜಾಗ: ಹೆಡ್ ಗ್ಯಾಸ್ಕೆಟ್. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಸಿಲಿಂಡರ್ ಹೆಡ್ಡಿಗೂ ನಡುವಿನ ಈ ತೆಳು ಹಾಳೆ ಉರಿಯುವ ಅನಿಲ, ಆಯಿಲ್, ಕೂಲಂಟ್ ಮೂರನ್ನೂ ಒಂದಕ್ಕೊಂದು ಸೇರದಂತೆ ಬೇರ್ಪಡಿಸಿಟ್ಟಿರುತ್ತದೆ. ಅದು ಎಲ್ಲಿ ಹರಿಯಿತು ಎಂಬುದರ ಮೇಲೆ ಲಕ್ಷಣ ಬೇರೆಬೇರೆ. ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗಿದರೆ ಬಾಟಲಿಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತವೆ, ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾಗುತ್ತದೆ. ಕೂಲಂಟ್ ಸಿಲಿಂಡರಿಗೆ ಇಳಿದರೆ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ. ಕೊಡಗಿನ ಚಳಿಯ ಬೆಳಗಿನಲ್ಲಿ ಮೊದಲೆರಡು ನಿಮಿಷ ಬರುವ ಬಿಳಿ ಆವಿಗೆ ಯಾರೂ ಗಾಬರಿಯಾಗಬೇಕಿಲ್ಲ. ಆಯಿಲಿಗೆ ಸೇರಿದರೆ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತ ಬಣ್ಣ ಕಾಣುತ್ತದೆ. ಊಹೆಯ ಮೇಲೆ ಹೆಡ್ ಬಿಚ್ಚಿಸಬೇಡಿ. ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ಸರಳ ಪರೀಕ್ಷೆ ಇದೆ. ಎಂಜಿನ್ನಿನ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ದೊಡ್ಡ ಬಿಲ್ಲಿಗೆ ಒಪ್ಪಿಗೆ ಕೊಡುವ ಮೊದಲು ಈ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಹೆಡ್ ಬಿಚ್ಚಿದ್ದೇ ಆದರೆ, ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಲೇಬೇಕು. ಅನೇಕ ಸಣ್ಣ ಎಂಜಿನ್ನುಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ನಿಲ್ಲುವುದಿಲ್ಲ.

ನನಗೆ ನಿಜಕ್ಕೂ ಬೇಸರ ತರಿಸುವ ಪದ್ಧತಿ ಥರ್ಮೋಸ್ಟಾಟ್ ಕಿತ್ತೆಸೆಯುವುದು. ‘ನಮ್ಮದು ಬಿಸಿ ದೇಶ, ಇದು ಬೇಕಾಗಿಲ್ಲ ಸಾರ್’ ಎಂದು ಎಷ್ಟೋ ಗ್ಯಾರೇಜುಗಳು ಇಂದಿಗೂ ಹೇಳುತ್ತವೆ. ಥರ್ಮೋಸ್ಟಾಟ್ ಒಂದು ವಾಲ್ವ್. ಅದರ ಹೊಟ್ಟೆಯಲ್ಲಿ ಮೇಣವಿದೆ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆಟ್ ರೂಪಿಸಿದ ಈ ಮೇಣದ ತಂತ್ರವೇ ಇಂದಿಗೂ ಚಾಲ್ತಿಯಲ್ಲಿದೆ. ಎಂಜಿನ್ ತಣ್ಣಗಿರುವವರೆಗೆ ವಾಲ್ವ್ ಮುಚ್ಚಿಕೊಂಡು ಕೂಲಂಟನ್ನು ಎಂಜಿನ್ನಿನೊಳಗೇ ಸುತ್ತಿಸುತ್ತದೆ. 82ರಿಂದ 90 ಡಿಗ್ರಿಯ ನಡುವೆ ಮೇಣ ಕರಗಿ ಹಿಗ್ಗಿ ವಾಲ್ವನ್ನು ತಳ್ಳಿ ರೇಡಿಯೇಟರಿನ ದಾರಿ ಬಿಡುತ್ತದೆ. ಅದನ್ನು ಕಿತ್ತರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್ ಇಂಧನ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆವಿಯಾಗಿ ಹೋಗದೆ ಕೆಸರುಗಟ್ಟುತ್ತದೆ, ಸಿಲಿಂಡರ್ ಸವೆಯುತ್ತದೆ. ಚೆಕ್ ಎಂಜಿನ್ ದೀಪ ಹತ್ತಿ ಸ್ಕ್ಯಾನರಿನಲ್ಲಿ ಪಿ0128 ಎಂಬ ಕೋಡ್ ಬಂದರೆ ಹೆಚ್ಚಾಗಿ ಕಾರಣ ಇದೇ: ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದೇ ಅಂಟಿಕೊಂಡಿದೆ. ಕೆಲವು ಎಂಜಿನ್ನುಗಳಲ್ಲಿ ಇನ್ನೂ ವಿಚಿತ್ರ. ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ಥರ್ಮೋಸ್ಟಾಟಿನ ಕೆಲಸ. ಅದನ್ನು ಕಿತ್ತರೆ ಬಿಸಿ ಕೂಲಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ವಾಪಸು ಬಂದು, ತಂಪಿಗೆಂದು ಮಾಡಿದ ಕೆಲಸದಿಂದಲೇ ಎಂಜಿನ್ ಕಾಯುತ್ತದೆ. ಥರ್ಮೋಸ್ಟಾಟ್ ಸರಿಯಿದೆಯೇ ಎಂದು ತಿಳಿಯಲು ಮೇಲಿನ ಹೋಸ್ ಮುಟ್ಟಿ ನೋಡಿದರೆ ಸಾಕು, ಫ್ಯಾನಿಗೆ ಕೈ ತಾಗದಂತೆ. ಸ್ಟಾರ್ಟ್ ಮಾಡಿದ ಮೇಲೆ ಹಲವು ನಿಮಿಷ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾದರೆ ಅದು ಆರೋಗ್ಯವಾಗಿದೆ. ಮೊದಲಿನಿಂದಲೇ ಉಗುರುಬೆಚ್ಚಗೆ ಏರುತ್ತಾ ಬಂದರೆ ತೆರೆದೇ ಇದೆ.

ರೇಡಿಯೇಟರಿನ ಹೊರಮೈಯ ವಿಷಯ ಹೆಚ್ಚು ಹೇಳಬೇಕಿಲ್ಲ. ಅದರ ಮುಂದೆ ಎಸಿಯ ಕಂಡೆನ್ಸರ್ ಇದೆ, ಎರಡರ ನಡುವಿನ ಸಂದಿಯಲ್ಲಿ ಕೆಮ್ಮಣ್ಣು, ಹುಳು, ಹೊಟ್ಟು ತುಂಬಿಕೊಳ್ಳುತ್ತದೆ. ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ರಸ್ತೆಯ ಮೇಲೆ ಹರಡಿದ ಹುಲ್ಲಿನ ಮೇಲೆ ಓಡಿಸಿದ್ದರೆ ಇದನ್ನು ತಪ್ಪದೆ ನೋಡಬೇಕು, ಕೆಳಗೆ ಸೈಲೆನ್ಸರಿಗೆ ಹುಲ್ಲು ಸುತ್ತಿಕೊಂಡಿದೆಯೇ ಎಂಬುದನ್ನೂ. ನೀರಿನ ರಭಸ ಕಡಿಮೆ ಇಟ್ಟು ಎಂಜಿನ್ ಕಡೆಯಿಂದ ಹೊರಗಡೆಗೆ ತೊಳೆಯಬೇಕು. ಪ್ರೆಷರ್ ವಾಶಿನ ಪೈಪು ಹತ್ತಿರ ಹಿಡಿದರೆ ತೆಳು ರೆಕ್ಕೆಗಳೆಲ್ಲ ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಡ್ಯಾಶ್‌ಬೋರ್ಡಿನ ಮುಳ್ಳನ್ನು ಎಷ್ಟು ನಂಬಬೇಕು? ಪೂರ್ತಿ ಬೇಡ. ಚಾಲಕರು ಸುಮ್ಮನೆ ಗಾಬರಿಯಾಗದಿರಲೆಂದು ಹಲವು ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿಯವರೆಗೂ ಮುಳ್ಳು ನಟ್ಟನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಕದಲಿತೆಂದರೆ ಸಮಯ ಬಹಳ ಉಳಿದಿಲ್ಲ ಎಂದರ್ಥ. ಈಚಿನ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಮಿತಿಮೀರಿದಾಗ ಕೆಂಪು ದೀಪ, ನಡುವೆ ಏನೂ ಇಲ್ಲ. ಇನ್ನೂ ಒಂದು ಅಪಾಯವನ್ನು ಎಲ್ಲರೂ ತಿಳಿದಿರಬೇಕು. ಸೆನ್ಸರ್ ಅಳೆಯುವುದು ತನಗೆ ತಾಗಿದ ದ್ರವದ ಶಾಖವನ್ನು. ಹೋಸ್ ಒಡೆದು ಕೂಲಂಟೆಲ್ಲ ಚೆಲ್ಲಿಹೋದರೆ ಸೆನ್ಸರಿನ ಸುತ್ತ ಇರುವುದು ಬರೀ ಗಾಳಿ, ಆಗ ಮುಳ್ಳು ಕೆಳಗೆ ಇಳಿದರೂ ಇಳಿಯಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ದಿಢೀರನೆ ಇಳಿದರೆ ಸಮಾಧಾನಪಡದೆ ನಿಲ್ಲಿಸಬೇಕು. ಸ್ಟಿಯರಿಂಗಿನ ಕೆಳಗಿನ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಅಡಾಪ್ಟರುಗಳು ಈಗ ಅಗ್ಗಕ್ಕೆ ಸಿಗುತ್ತವೆ, ಮೊಬೈಲಿನಲ್ಲಿ ನಿಜವಾದ ಡಿಗ್ರಿ ಕಾಣುತ್ತದೆ. ಘಾಟಿ ಸೀಮೆಯಲ್ಲಿ ಓಡಾಡುವವರಿಗೆ ಅದರಷ್ಟು ಪ್ರಯೋಜನದ ಖರ್ಚು ಇನ್ನೊಂದಿಲ್ಲ.

ಏರಿನಲ್ಲಿ ಬಿಸಿಯಾಗತೊಡಗಿದರೆ ಮೊದಲು ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಕಾರಿನೊಳಗಿನ ಆ ಪುಟ್ಟ ರೇಡಿಯೇಟರೂ ಎಂಜಿನ್ನಿನ ಶಾಖವನ್ನು ಸ್ವಲ್ಪ ಹಂಚಿಕೊಳ್ಳುತ್ತದೆ. ದೊಡ್ಡ ಗೇರಿನಲ್ಲಿ ಎಂಜಿನ್ ಮುಕ್ಕರಿಯುವಂತೆ ಹತ್ತಿಸುವ ಬದಲು ಒಂದು ಗೇರ್ ಇಳಿಸಿ. ಬೆಲ್ಟಿನಿಂದ ಓಡುವ ವಾಟರ್ ಪಂಪಿನ ವೇಗ ಎಂಜಿನ್ನಿನ ವೇಗದ ಜೊತೆಗೇ ಏರುತ್ತದೆ. ಅಷ್ಟಕ್ಕೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ‘ಇನ್ನೆರಡೇ ಕಿಲೋಮೀಟರ್, ಕೊಟ್ಟಿಗೆಹಾರ ಬಂತು’ ಎಂದು ಓಡಿಸಿದ ಎರಡು ಕಿಲೋಮೀಟರಿನಲ್ಲೇ ಹೆಡ್ ಬಾಗುತ್ತದೆ. ಬಿಸಿ ಎಂಜಿನ್ನಿನ ಕ್ಯಾಪನ್ನು ಮಾತ್ರ ಯಾವ ಕಾರಣಕ್ಕೂ, ಬಟ್ಟೆ ಸುತ್ತಿಕೊಂಡೂ, ತೆಗೆಯಬೇಡಿ. ಒಳಗಿರುವುದು ನೂರಕ್ಕೂ ಹೆಚ್ಚು ಡಿಗ್ರಿಯಲ್ಲಿ ಒತ್ತಡದಿಂದ ಮಾತ್ರ ದ್ರವವಾಗಿ ಉಳಿದಿರುವ ಕೂಲಂಟ್. ಕ್ಯಾಪ್ ಸಡಿಲವಾದ ಕ್ಷಣ ಅದು ಕುದಿದು ಚಿಮ್ಮುತ್ತದೆ, ಮುಖ ಮತ್ತು ಕೈ ಸುಡುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಹಿಚುಕಿದಾಗ ಮೆತ್ತಗಿದ್ದರೆ ಮಾತ್ರ ಕ್ಯಾಪ್ ಮುಟ್ಟಿ. ಕಾದ ಎಂಜಿನ್ನಿನ ಮೇಲೆ ಹೊರಗಿನಿಂದ ತಣ್ಣೀರು ಎರಚಬೇಡಿ, ಲೋಹ ಬಿರುಕು ಬಿಡುತ್ತದೆ. ಬೇರೆ ಏನೂ ಇಲ್ಲದಾಗ ಕುಡಿಯುವ ನೀರಿನ ಬಾಟಲಿಯನ್ನೇ ನಿಧಾನಕ್ಕೆ ತುಂಬಿಸಿ ಊರು ಮುಟ್ಟುವುದರಲ್ಲಿ ತಪ್ಪಿಲ್ಲ. ಊರು ಮುಟ್ಟಿದ ಮೇಲೆ ಆ ನೀರನ್ನು ತೆಗೆಸಿ.

ಕೂಲಂಟ್ ಬದಲಾಯಿಸುವ ಅವಧಿ ಕಾರಿನಿಂದ ಕಾರಿಗೆ ಬೇರೆ, ಕೈಪಿಡಿ ನೋಡಿಯೇ ತಿಳಿಯಬೇಕು. ಕಿಲೋಮೀಟರ್ ಆಗಿಲ್ಲವೆಂದು ಮುಂದೂಡಬೇಡಿ, ಕಾರು ನಿಂತಿದ್ದರೂ ತುಕ್ಕುನಿರೋಧಕಗಳು ಸೋಲುತ್ತವೆ. ಸರ್ವೀಸ್ ಸೆಂಟರಿನಲ್ಲಿ ‘ಟಾಪ್ ಅಪ್ ಮಾಡಿದ್ದೇವೆ’ ಎಂದರೆ ಎಷ್ಟು ಹಾಕಿದಿರಿ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮುಂದಿನ ಸರ್ವೀಸಿನಲ್ಲೂ ಅಷ್ಟೇ ಹಾಕಿದ್ದರೆ ಸೋರಿಕೆ ಹುಡುಕಿಸುವುದಕ್ಕೆ ಆ ಎರಡು ಬಿಲ್ಲುಗಳೇ ಸಾಕು. ಹಳೆಯ ಕೂಲಂಟನ್ನು ಮೋರಿಗೆ, ಅಂಗಳಕ್ಕೆ ಸುರಿಯಬಾರದು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಡಲಿಗೆ ವಿಷ. ಬೀದಿನಾಯಿಗಳು ನೆಕ್ಕುತ್ತವೆ, ಮೂತ್ರಪಿಂಡ ಸೋತು ಸಾಯುತ್ತವೆ. ಮಕ್ಕಳ ಕೈಗೆ ಸಿಗುವಂತೆ ನೀರಿನ ಬಾಟಲಿಯಲ್ಲಿ ತುಂಬಿಡುವುದಂತೂ ಕೂಡದು. ಯಾರಾದರೂ ಕುಡಿದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು. ಹೊಸದು ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯದಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ, ಗಾಳಿಯ ಗುಳ್ಳೆ ನಿಂತ ಕಡೆ ಲೋಹಕ್ಕೆ ದ್ರವ ತಾಗುವುದೇ ಇಲ್ಲ. ಕಾರಿನ ಮೂತಿ ಕೊಂಚ ಮೇಲಕ್ಕೆ ಎತ್ತಿ ನಿಲ್ಲಿಸಿ, ಹೀಟರ್ ತೆರೆದು, ಬ್ಲೀಡ್ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆ ನಿಂತು ಬರೀ ಕೂಲಂಟ್ ಬರುವವರೆಗೆ, ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಎಂಜಿನ್ ಚಾಲೂ ಇಡಬೇಕು. ಮಾರನೆಯ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಬಾಟಲಿಯ ಮಟ್ಟ ನೋಡಿ. ಒಂದಿಷ್ಟು ಇಳಿದಿರುತ್ತದೆ, ಒಳಗಿನ ಗಾಳಿ ಬಿಟ್ಟುಕೊಟ್ಟ ಜಾಗ ಅದು. ಮ್ಯಾಕ್ಸ್ ಗೆರೆಯವರೆಗೆ ತುಂಬಿಸಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಆಗಲೂ ಇಳಿದಿದ್ದರೆ ಗಾಡಿಯನ್ನು ಅದೇ ಗ್ಯಾರೇಜಿಗೆ ತೆಗೆದುಕೊಂಡು ಹೋಗಿ ಪ್ರೆಷರ್ ಟೆಸ್ಟ್ ಮಾಡಿಸಿ.